ಮೌನಮ್ಮನ ಹಸಿ ಹಲ್ಲು

ಸಾಯಬಮ್ಮ ಭೀಮಾ ದಂಡೆಯ ಮೀನುಗಾರರ ಮಗಳು. ಮುದನಾಳಕ್ಕೆ ಸೊಸೆಯಾಗಿ ಬಂದು ಗಂಡ ಗುರಪ್ಪನ ಜೊತೆ ಹೊಲದ ಕೂಲಿಗೆ ಹೋಗುತ್ತಿದ್ದಳು. ಅವಳಿಗೆ ಜೋಡಿ ಮಕ್ಕಳು: ಮೌನಮ್ಮ, ಮಾನಪ್ಪ. ಒಂದೇ ಹೊತ್ತಿಗೆ ಹುಟ್ಟಿದರೂ ಹಾಲುಹಲ್ಲು ಬಿದ್ದ ಮೇಲೆ ಮೌನಮ್ಮನಿಗೇ ಮೊದಲು ಮುಂದಿನ ಎರಡು ಹೊಸ ಹಲ್ಲು ಬಂದವು. ಮಾನಪ್ಪನ ಒಸಡು ಇನ್ನೂ ಬೋಳಾಗಿತ್ತು.

ಆದರೆ ಬಂದ ಹಲ್ಲಿನ ಮೇಲೆ ಬೆಲ್ಲದ ಬಣ್ಣದ ಕಲೆ. ಬಾವಿ ನೀರಿನ ಗುಣ, ಬಿಡು ಅಂದರು ನೆರೆಯವರು. ಸಾಯಬಮ್ಮ ಬಿಡುವಂತಿರಲಿಲ್ಲ. ಗುರಪ್ಪನ ಅಕ್ಕ ಸುಗಲಮ್ಮ ಯಾದಗಿರಿಯಲ್ಲಿದ್ದಳು. ಮೌನಮ್ಮ ಹುಟ್ಟಿದಾಗಲೇ ತನ್ನ ಮಗನಿಗೆ ತಂದುಕೊಳ್ಳುತ್ತೇನೆ ಅಂದವಳು. ಆ ಬೇಸಿಗೆಯಲ್ಲಿ ಬಂದು ಹುಡುಗಿಯ ತುಟಿ ಎತ್ತಿ ನೋಡಿ, ಹಲ್ಲು ಬೆಳ್ಳಗಾಗಲಿ, ಆಮೇಲೆ ಮಾತಾಡೋಣ ಎಂದು ಹೋಗಿಬಿಟ್ಟಳು.

ಮರುದಿನದಿಂದಲೇ ಸಾಯಬಮ್ಮ ಇಟ್ಟಂಗಿ ಪುಡಿಗೆ ನಿಂಬೆರಸ ಕಲಸಿ ಮಗಳ ಹಲ್ಲು ತಿಕ್ಕತೊಡಗಿದಳು. ಮೊದಲು ತನ್ನ ಹಲ್ಲಿಗೇ ತಿಕ್ಕಿ ನೋಡಿದ್ದಳು, ಏನೂ ಆಗಿರಲಿಲ್ಲ. ಹುಡುಗಿ ಕಣ್ಣು ಮುಚ್ಚಿ ಕೂಡುತ್ತಿತ್ತು. ಒಂದು ತಿಂಗಳಿಗೆ ಕಲೆ ತಿಳಿಯಾಯಿತು. ಆಮೇಲೆ ತಣ್ಣೀರು ಕುಡಿದರೆ ಮೌನಮ್ಮ ಅಳಹತ್ತಿದಳು. ಹಲ್ಲಿನ ಅಂಚು ಸುಣ್ಣದಂತೆ ಉದುರಿತು. ತಿಕ್ಕಿದ್ದು ಸಾಲಲಿಲ್ಲವೇನೋ ಎಂದು ಸಾಯಬಮ್ಮ ಎರಡು ಹೊತ್ತೂ ತಿಕ್ಕಿದಳು. ವರ್ಷ ತುಂಬುವುದರೊಳಗೆ ಎರಡೂ ಹಲ್ಲು ಮೊಂಡಾಗಿ, ಒಸಡು ಬಾತು ಕೀವಾಯಿತು.

ಹಕೀಮರ ಪುಡಿ ನಡೆಯಲಿಲ್ಲ, ಹರಕೆ ನಡೆಯಲಿಲ್ಲ. ಕೊನೆಗೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಯಾದಗಿರಿ ಟೇಸನ್ನಿನ ಹಾದಿಯಲ್ಲಿ ಹಲ್ಲು ಕೀಳುವ ಹಸನಸಾಬನ ಮುಂದೆ ಕುಳಿತಳು. ಮುದುಕ ಹುಡುಗಿಯ ಬಾಯಿ ನೋಡಿ, ಏನು ಹಚ್ಚಿದ್ದೆ ಎಂದು ಕೇಳಿದ. ಮೊದಲು ತನ್ನ ಹಲ್ಲಿಗೆ ತಿಕ್ಕಿ ನೋಡಿದ್ದನ್ನೂ ಸೇರಿಸಿ ಅವಳು ಹೇಳಿದಳು. ಅವನು ಮಾನಪ್ಪನ ಬಾಯನ್ನೂ ತೆರೆಸಿದ. ಗಂಡುಹುಡುಗನ ಹಲ್ಲು ಯಾರು ನೋಡುತ್ತಾರೆ ಎಂದು ತಡವಾಗಿ ಬಂದ ಅವನ ಹಲ್ಲನ್ನು ಅವಳು ಮುಟ್ಟಿರಲಿಲ್ಲ. ಅವಕ್ಕೂ ಅಂಥದೇ ಕಲೆ ಇತ್ತು, ಆದರೆ ಹಲ್ಲು ಗಟ್ಟಿಯಿದ್ದವು.

"ಹೊಸಾ ಹಲ್ಲು ಹಸಿ ಗಡಿಗಿ ಇದ್ದಂಗವ್ವ," ಅಂದ ಹಸನಸಾಬ. "ಬಂದ ಮ್ಯಾಲೂ ಎರಡ್ಮೂರು ವರ್ಷ ಉಗುಳಾಗ ನೆನದು ಗಟ್ಟಿ ಆಗಬೇಕು. ನಿನ್ನವು ಮಾಗ್ಯಾವ, ತಡದಾವ. ಹೆಣ್ಮಕ್ಕಳಿಗೆ ಹಲ್ಲು ಲಗೂನ ಬರ್ತಾವ ಖರೆ, ಬಂದ ದಿನಾನ ಮಾಗಿರಂಗಿಲ್ಲ."

ಸಾಯಬಮ್ಮ ತನ್ನ ತುಟಿ ಎತ್ತಿ ತೋರಿಸಿದಳು.

"ಇವೆರಡು ಕಿತ್ತು ಆಕಿಗಿ ಹಚ್ರಿ ಸಾಹೇಬರ. ನಾ ಅಳಂಗಿಲ್ಲ."

ಹಸನಸಾಬ ನಗಲಿಲ್ಲ. ಅದು ಆಗದ ಮಾತು ಎಂದು ಮೆಲ್ಲಗೆ ಹೇಳಿ, ಕೀವು ಮೇಲೇರುವ ಮೊದಲು ಎರಡು ಮೊಂಡುಹಲ್ಲು ತೆಗೆಯಲೇಬೇಕೆಂದ. ಮಗಳ ತಲೆ ಹಿಡಿದುಕೊಂಡದ್ದು ಸಾಯಬಮ್ಮನೇ.

ಸುಗಲಮ್ಮ ಬೇರೆ ಕಡೆಯಿಂದ ಸೊಸೆ ತಂದುಕೊಂಡಳು. ಮೌನಮ್ಮನನ್ನು ಹದಿನೇಳಕ್ಕೆ ಹೆಂಡತಿ ಸತ್ತ ವನದುರ್ಗದವನೊಬ್ಬ ಕಟ್ಟಿಕೊಂಡ. ತವರಿಗೆ ಬಂದಾಗ ಅವಳು ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ, ಸೆರಗು ಅಡ್ಡ ಹಿಡಿದು ಉಣ್ಣುತ್ತಿದ್ದಳು. ತಾಯಿಯನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಎಂದು ಸಾಯಬಮ್ಮನಿಗೆ ಅನಿಸುತ್ತಿತ್ತು. ಮಗಳು ಉಂಡು ಕೈ ತೊಳೆಯುವತನಕ ಅವಳು ತಾಟಿಗೆ ಕೂಡುತ್ತಿರಲಿಲ್ಲ. ಗಟ್ಟಿ ಹಲ್ಲಿನಲ್ಲಿ ರೊಟ್ಟಿ ಕಡಿಯುವ ಸಪ್ಪಳ ಮಗಳ ಕಿವಿಗೆ ಬೀಳಬಾರದೆಂದು ಹಿತ್ತಲಿಗೆ ಹೋಗಿ ತಿನ್ನುತ್ತಿದ್ದಳು.