ಡೀಸೆಲ್ ಮಣ್ಣಿಗೆ ಆಮಿನಾಬಿಯ ಹೆಪ್ಪು

ಹ್ಯಾಂಡ್‌ಪೋಸ್ಟ್ ಎಂಬ ಈ ಊರಿಗೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಅಬ್ದುಲ್ ಖಾದರ್ ಅವರ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಹಿಂದೆ ಅವರ ಹೆಂಡತಿ ಆಮಿನಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುದ್ದಲಿಯಲ್ಲಿ ಮಣ್ಣು ಮಗುಚುತ್ತಿದ್ದಾರೆ. ಒಂದು ಹಿಡಿ ಎತ್ತಿ ಮೂಸುತ್ತಾರೆ. ಮುಖ ಅರಳುತ್ತದೆ. ಬೆಳಗಾಗೆದ್ದು ಮಣ್ಣು ಮೂಸುವವರನ್ನು ನಾನು ನೋಡಿದ್ದು ಇದೇ ಮೊದಲು.

"ನಗಬ್ಯಾಡಿ ಸಾರ್. ಇದ್ರೊಳಗೆ ಕಣ್ಣಿಗೆ ಕಾಣ್ದಿರೋ ಉಳ ಅವೆ. ಡೀಸೆಲ್ ತಿಂತವೆ. ನಾನು ಅವುಕ್ಕೆ ಅಡುಗೆಯವಳು, ಅಷ್ಟೇಯ."

ಆಮಿನಾಬಿಯ 'ಉಳ' ಎಂದರೆ ಬ್ಯಾಕ್ಟೀರಿಯಾ. ಕಳೆದ ಮಳೆಗಾಲದಲ್ಲಿ ಶೆಡ್ಡಿನ ಡೀಸೆಲ್ ಡ್ರಮ್ಮಿನ ತಳ ತೂತಾಗಿ, ಇದ್ದಬದ್ದದ್ದೆಲ್ಲ ಹಿತ್ತಿಲಿಗೆ ಇಳಿಯಿತು. ಜಾಗ ಗುರುಮಲ್ಲಪ್ಪನವರದು. ಅಲ್ಲಿ ಅವರ ಸೊಸೆ ಹೇಮಶ್ರೀ ಬೆಳೆಸಿದ್ದ ಕನಕಾಂಬರ ಬುಡಸಮೇತ ಕರಟಿಹೋಯಿತು. "ಯುಗಾದಿ ಒಳ್ಗೆ ಮಣ್ಣು ಮೊದ್ಲಿನಂಗಾಗ್ಬೇಕು. ಇಲ್ದಿದ್ರೆ ಶೆಡ್ ಖಾಲಿ ಮಾಡಿ" ಎಂದುಬಿಟ್ಟರು ಗುರುಮಲ್ಲಪ್ಪ. ಮದುವೆಯಾದಾಗಿನಿಂದ ಆಮಿನಾಬಿಯ ಕುಟುಂಬಕ್ಕೆ ಅನ್ನ ಹಾಕಿರುವುದು ಈ ಶೆಡ್ಡೇ.

"ಅವತ್ತು ನಮ್ಮನೇಲಿ ಒಲೆ ಹಚ್ಚಲಿಲ್ಲ ಸಾರ್," ಎನ್ನುತ್ತಾರೆ ಆಮಿನಾಬಿ.

ದಾರಿ ತೋರಿಸಿದವರು ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಪವಿತ್ರಾ. ಅಪ್ಪನ ಟಿಲ್ಲರ್ ರಿಪೇರಿಗೆಂದು ಬಂದವರು, ಡೀಸೆಲ್ ಕುಡಿದ ಮಣ್ಣನ್ನು ಅಗೆದು ಟಾರ್ಪಾಲಿನ ಮೇಲೆ ಹರವಿ ಎಂದರು. ಸಗಣಿ ಗೊಬ್ಬರ, ಒಣಹುಲ್ಲು ಬೆರೆಸಿ, ತೇವ ಆರದಂತೆ, ಗಾಳಿಯಾಡುವಂತೆ ಮಗುಚುತ್ತಿದ್ದರೆ ಮಿಕ್ಕಿದ್ದನ್ನು ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವಂತೆ. ಹೇಳುವುದೇನೋ ಸುಲಭ. ದಿನಾ ಏಳೆಂಟು ಕೊಡ ನೀರು ಹೊತ್ತು, ಅಂಗೈ ಬೊಬ್ಬೆಯೊಡೆದು ದಡ್ಡುಗಟ್ಟುವವರೆಗೆ ಮಗುಚಿದವರು ಆಮಿನಾಬಿ.

ಡೀಸೆಲ್ ವಾಸನೆ ಇಳಿಯತೊಡಗಿತ್ತು. ಅಷ್ಟರಲ್ಲಿ ಖಾದರ್ ಸಾಹೇಬರು ಒಂದು ಉಪಕಾರ ಮಾಡಿದರು. ನೆಂಟರು ಬರುವ ದಿನವೆಂದು ಮಣ್ಣಿನ ತುಂಬ ಬ್ಲೀಚಿಂಗ್ ಪೌಡರ್ ಎರಚಿದರು!

"ಇವ್ಳು ಉಳ ಉಳ ಅಂತಿದ್ಲು ಸಾರ್," ಎಂದು ಅವರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ. "ಉಳ ಬಿದ್ರೆ ಪೌಡರ್ ಹಾಕ್ದೆ ಇನ್ನೇನ್ ಮಾಡಾದು?"

ಸಾಕಿದ ಉಳವೆಲ್ಲ ಸತ್ತವೆಂದು ಆಮಿನಾಬಿ ಗಂಡನ ಜೊತೆ ಮಾತು ಬಿಟ್ಟರು. ಊಟ ಬಡಿಸುವಾಗಲೂ ತಟ್ಟೆ ಕುಕ್ಕಿದರು. ಅತ್ತು ಮುಗಿದ ಮೇಲೆ, ಡ್ರಮ್ಮು ಇದ್ದ ಮೂಲೆಯಲ್ಲಿ ಅಗೆಯದೆ ಬಿಟ್ಟಿದ್ದ ಮಣ್ಣು ನೆನಪಾಯಿತು. ಡೀಸೆಲ್ ತಿಂದು ರೂಢಿಯಾದ ಉಳ ಅಲ್ಲಿ ಉಳಿದಿರಬಹುದಲ್ಲವೇ? ಫೋನಿನಲ್ಲಿ ಕೇಳಿದಾಗ ಪವಿತ್ರಾ ಹೌದೆಂದರು. ಪೌಡರಿನ ಘಾಟು ಹೋಗುವವರೆಗೆ ಮಣ್ಣನ್ನು ಬಿಸಿಲಿಗೆ ಹರವಿ, ಹೊಸ ಗೊಬ್ಬರ ಬೆರೆಸಿ, ಆಮೇಲೆ ಆ ಮೂಲೆಯ ಮಣ್ಣನ್ನು ಕಲಸಿದರು ಆಮಿನಾಬಿ.

"ಹಾಲಿಗೆ ಎಪ್ಪಾಕ್ದಂಗೆ ಆಕ್ದೆ. ಎಪ್ಪಿದ್ರೆ ಮೊಸ್ರು ಎಲ್ಲೋಯ್ತದೆ?"

ನಾಳಿದ್ದು ಯುಗಾದಿ. ಕಾಲೇಜಿನಲ್ಲಿ ಮಣ್ಣಿನ ಪರೀಕ್ಷೆ ಮಾಡಿಸಿದ ಪವಿತ್ರಾ, ಸೊಪ್ಪು ತರಕಾರಿ ಸದ್ಯಕ್ಕೆ ಬೇಡ, ಹೂವಿಗೆ ಅಡ್ಡಿಯಿಲ್ಲ ಎಂದಿದ್ದಾರೆ. ಆದರೆ ಗುರುಮಲ್ಲಪ್ಪನವರಿಗೆ ತಮ್ಮ ಮೂಗಿನ ಮೇಲೇ ನಂಬಿಕೆ. ಬಿಸಿಲೇರುವ ಮೊದಲೇ ಅವರು ಬರುತ್ತಾರೆ, ಹಿಂದೆಯೇ ಸಸಿಯ ಬುಟ್ಟಿ ಹಿಡಿದ ಹೇಮಶ್ರೀ. ಮುದುಕರು ಕುಕ್ಕರಗಾಲಲ್ಲಿ ಕೂತು ಮಣ್ಣು ಮೂಸುತ್ತಾರೆ, ಹಿಸುಕುತ್ತಾರೆ, ಮತ್ತೆ ಮೂಸುತ್ತಾರೆ. ಆಮಿನಾಬಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಾರೆ.

"ಮಣ್ಣಿನ ವಾಸ್ನೇನೇ ಬತ್ತದೆ ಕಣಮ್ಮ ಆಮಿನಮ್ಮ," ಎನ್ನುತ್ತಾರೆ ಗುರುಮಲ್ಲಪ್ಪ. "ಶೆಡ್ ಎಲ್ಲಿಗೂ ಓಗಾದು ಬ್ಯಾಡ ಬುಡಿ."

ಹೇಮಶ್ರೀ ಮೊದಲ ಸಸಿ ಊರುತ್ತಾರೆ. ಖಾದರ್ ಸಾಹೇಬರು ಕಣ್ಣೊರೆಸಿಕೊಂಡು, ಬೆವರು ಎನ್ನುತ್ತಾರೆ. ಆಮಿನಾಬಿ ಮಾತ್ರ ಯಾಕೋ ಪೆಚ್ಚಾಗಿದ್ದಾರೆ.

"ಇನ್ನೇನಮ್ಮ ಬೇಕು ನಿಮಗೆ?" ಎಂದು ಕೇಳುತ್ತೇನೆ.

"ಡೀಸೆಲ್ ಮುಗೀತಲ್ಲ ಸಾರ್, ಪಾಪ, ಇನ್ನು ಅವು ಏನ್ ತಿಂತವೆ?"

"ಇನ್ನೊಂದ್ ಡ್ರಮ್ ಸುರೀಲಾ?" ಎಂದ ಗಂಡನನ್ನು ದುರುಗುಟ್ಟಿ ನೋಡಿ, ಆಕೆ ಗುರುಮಲ್ಲಪ್ಪನವರ ಕಡೆ ತಿರುಗುತ್ತಾರೆ.

"ಯಜಮಾನ್ರೇ, ನಿಮ್ ಕೊಟ್ಗೆಯಿಂದ ಒಂದ್ ಮಂಕ್ರಿ ಗೊಬ್ರ ಕಳ್ಸಿ. ಈ ಉಳ ನಮ್ ಶೆಡ್ ಉಳಿಸ್ಕೊಟ್ಟವೆ. ಅವನ್ನ ಉಪಾಸ ಕೆಡವಕ್ಕಾಯ್ತದಾ?"