ಅಮ್ಮನ ಪಥ್ಯ, ಅವರ ಇಲಿಗಳು

ನನ್ನ ಗಂಡ ಇಲಿಗಳ ಊಟದಲ್ಲಿ ಕೊರತೆ ಮಾಡಿ ಸಂಸಾರ ಸಾಕುತ್ತಿದ್ದವರು. ಸಿಂಗಪುರದ ಒಂದು ಲ್ಯಾಬಿನಲ್ಲಿ ಬಸುರಿ ಇಲಿಗಳಿಗೆ ಕಬ್ಬಿಣದ ಅಂಶವನ್ನೋ ಒಂದೆರಡು ವಿಟಮಿನ್ನುಗಳನ್ನೋ ತೆಗೆದ ಆಹಾರ ಕೊಟ್ಟು, ಹುಟ್ಟಿದ ಮರಿಗಳು ಮುಂದೆ ಹೇಗೆ ಬೆಳೆಯುತ್ತವೆ ಎಂದು ನೋಡುವುದು ಅವರ ಕೆಲಸ. ಇದನ್ನು ಮೈಸೂರಿನ ನೆಂಟರಿಗೆ ಹೇಗೆ ಹೇಳುವುದೆಂದು ತಿಳಿಯದೆ ನನ್ನಮ್ಮ, ಅಳಿಯ ಕಂಪ್ಯೂಟರ್ ಕಂಪನಿಯಲ್ಲಿದ್ದಾರೆ ಎಂದು ಸಾರಿಬಿಟ್ಟಿದ್ದಳು. ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಮನೆಯ ಸುತ್ತ ನಮಗೆ ಪರಿಚಯವಿದ್ದ ಕನ್ನಡದವರೆಲ್ಲ ಕಂಪ್ಯೂಟರಿನವರೇ ಆದ್ದರಿಂದ ಆ ಸುಳ್ಳಿಗೆ ಯಾವ ತೊಂದರೆಯೂ ಬರಲಿಲ್ಲ.

ಮೊದಲ ಬಾಣಂತನಕ್ಕೆ ಅಮ್ಮ ಬಂದಳು. ಪೆಟ್ಟಿಗೆಯಲ್ಲಿ ಅವಳ ಸೀರೆಗಳಿಗಿಂತ ಅಂಟು, ಒಣಶುಂಠಿ, ಮೆಣಸುಗಳೇ ಹೆಚ್ಚಿದ್ದವು. ನಮ್ಮಲ್ಲಿ ಬಾಣಂತಿಗೆ ಸೊಪ್ಪು ಕೂಡದು, ಮಗುವಿಗೆ ಹೊಟ್ಟೆ ಕೆಡುತ್ತದೆ. ಬೇಳೆ ವಾಯು. ಹಣ್ಣು ಶೀತ. ನೀರಂತೂ ಗುಟುಕಷ್ಟೆ, ಹೆಚ್ಚು ಕುಡಿದರೆ ಹೊಟ್ಟೆ ಮುಂದೆ ಬರುತ್ತದೆ. ಇಷ್ಟನ್ನು ಬಿಟ್ಟು ಉಳಿದದ್ದು ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ.

ಲ್ಯಾಬಿನಿಂದ ಬಂದ ಗಂಡ ನನ್ನ ತಟ್ಟೆ ನೋಡಿದರು.

"ಅತ್ತೆ, ಸೊಪ್ಪು ಎಲ್ಲಿ?"

ಅಮ್ಮ ಅಳಿಯನ ಜೊತೆ ನೇರವಾಗಿ ಮಾತಾಡುವವಳಲ್ಲ. ತೊಡೆಯ ಮೇಲಿದ್ದ ಮಗುವಿಗೆ ಹೇಳಿದಳು: "ನೋಡೇ ಪುಟ್ಟಿ, ನಿಮ್ಮಪ್ಪ ಬಾಣಂತಿ ತಟ್ಟೆ ಇಣುಕಿ ನೋಡ್ತಾರೆ. ಗಣಪತಿ ವಾಹನಕ್ಕೇ ಉಪವಾಸ ಹಾಕೋರು ನಂಗೆ ಅಡಿಗೆ ಹೇಳ್ಕೊಡ್ತಾರೆ."

"ಉಪವಾಸ ಅಲ್ಲ ಅತ್ತೆ, ಹೊಟ್ಟೆ ತುಂಬ ಹಾಕ್ತೀವಿ. ಅದರಲ್ಲಿ ಇರಬೇಕಾದ್ದು ಇರಲ್ಲ ಅಷ್ಟೆ. ಥೇಟ್ ನಿಮ್ಮ ಪಥ್ಯ. ಡಿಫರೆನ್ಸ್ ಏನಂದ್ರೆ, ನನ್ನ ಇಲಿಗಳಿಗೆ ನೀರಾದ್ರೂ ಸಿಗತ್ತೆ."

"ಪುಟ್ಟಿ, ಆ ಇಲಿಗಳಿಗೆ ಎಣ್ಣೆನೀರು ಯಾರು ಹಾಕ್ತಾರೆ ಅಂತ ಕೇಳು. ನಿಮ್ಮಮ್ಮಂಗೆ ನಾನಿದೀನಿ."

ಅವರು ಹೊರಗಿನ ಸಾಕ್ಷಿ ಹುಡುಕಿದರು. ಎದುರು ಮನೆಯ ಚೀನೀ ಆಂಟಿಯ ಬೆಂಬಲ ಕೇಳೋಣವೆಂದರೆ ಆಕೆಯೂ ಅಮ್ಮನ ಪಕ್ಷ. ತಣ್ಣೀರು ಕೂಡದು, ಶುಂಠಿ ಬೇಕು, ಗಾಳಿ ತಾಗಬಾರದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ, ಬರೀ ಕೈಸನ್ನೆಯಲ್ಲಿ ಇಬ್ಬರೂ ಎಲ್ಲ ವಿಷಯದಲ್ಲೂ ಒಪ್ಪಿಕೊಂಡರು. ಒಂದೇ ಭಾಷೆಯವರಾದ ಅತ್ತೆ ಅಳಿಯಂದಿರಿಗೆ ಅದು ಸಾಧ್ಯವಾಗಲಿಲ್ಲ.

ವಾದದಲ್ಲಿ ಸೋತ ನನ್ನ ಗಂಡ ಕಳ್ಳತನಕ್ಕಿಳಿದರು. ಬೆಳಿಗ್ಗೆ ಹೊರಡುವ ಮುಂಚೆ ಒಂದು ಬಾಟಲಿ ನೀರನ್ನು ಡೈಪರ್ ಚೀಲದ ಹಿಂದೆ ಇಟ್ಟುಹೋಗುತ್ತಿದ್ದರು. ಅಮ್ಮ ಸ್ನಾನಕ್ಕೆ ಹೋದಾಗ ನಾನು ಕುಡಿಯುತ್ತಿದ್ದೆ. ಸೊಪ್ಪನ್ನು ಹಾಗೆ ಅಡಗಿಸಿಡಲು ಬರುವುದಿಲ್ಲವಲ್ಲ, ಅದೊಂದು ಅವರಿಗೆ ಕೊರಗು.

ನಾನು ಪಿಯುಸಿಗೆ ಓದು ನಿಲ್ಲಿಸಿದವಳು. ನನಗೆ ಅರ್ಥವಾಗಲೆಂದು ಅವರು ತಮ್ಮ ಕೆಲಸವನ್ನು ಹೀಗೆ ಹೇಳಿದ್ದರು: ತಾಯಿ ಇಲಿಯನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಎಷ್ಟೋ ಸಲ ಮರಿಗಳನ್ನು ನೋಡಿದರೂ ಗೊತ್ತಾಗುವುದಿಲ್ಲ. ಅವು ದೊಡ್ಡವಾಗಿ, ಒಳ್ಳೆಯ ಊಟ ತಿನ್ನುತ್ತಿರುವಾಗಲೂ, ಹೊಟ್ಟೆಯಲ್ಲಿದ್ದಾಗ ಸಿಗದೆ ಹೋದದ್ದು ಎಂದೋ ಒಂದು ದಿನ ಕಾಣಿಸಿಕೊಳ್ಳಬಹುದು.

ಮಗಳು ಮಾತು ಕಲಿತು, ಪ್ರೀಸ್ಕೂಲಿಗೆ ಹೋಗತೊಡಗಿದಳು. ನಾನು ಮತ್ತೆ ಬಸುರಿಯಾದೆ. ಈ ಸಲ ಅವರು ಯಾರನ್ನೂ ನಂಬಲಿಲ್ಲ. ವಾರವಾರವೂ ತಾವೇ ಮಾರ್ಕೆಟ್ಟಿಗೆ ಹೋಗಿ, ಇಲ್ಲಿಯವರು ಬಾಯಮ್ ಎನ್ನುವ ನಮ್ಮ ದಂಟಿನ ಸೊಪ್ಪು ತಂದು ಫ್ರಿಜ್ಜು ತುಂಬಿಸುತ್ತಿದ್ದರು. "ನಿಮ್ಮಮ್ಮ ಬರೋದ್ರೊಳಗೆ ತಿಂದು ಸ್ಟಾಕ್ ಮಾಡ್ಕೊ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಕೆಳಗೆ, ಇಲ್ಲಿಯವರು ವಾಯ್ಡ್ ಡೆಕ್ ಎನ್ನುವ ನಮ್ಮ ಕಟ್ಟಡದ ತೆರೆದ ನೆಲಮಹಡಿಯಲ್ಲೇ ಕುಸಿದರು. ಹೃದಯ ನಿಂತಿತು ಎಂದರು ಡಾಕ್ಟರು. ಇಷ್ಟು ಚಿಕ್ಕ ವಯಸ್ಸಿಗೆ ಏಕೆ ಎಂದರೆ ಯಾರಲ್ಲೂ ಉತ್ತರವಿರಲಿಲ್ಲ. ಅವರು ಹೊಟ್ಟೆಯಲ್ಲಿದ್ದಾಗ ಅವರಮ್ಮ ಏನು ತಿಂದಿದ್ದರೋ ಎಂದು ಯೋಚಿಸಿದೆ. ಕೇಳೋಣವೆಂದರೆ ಆಕೆ ಹೋಗಿ ಎಷ್ಟೋ ವರ್ಷವಾಗಿತ್ತು. ಇಂಥ ಪ್ರಶ್ನೆ ನನಗೆ ಹೊಳೆದದ್ದು ತಿಳಿದಿದ್ದರೆ ಅವರಿಗೆ ಖುಷಿಯಾಗುತ್ತಿತ್ತು.

ಲ್ಯಾಬಿನವರು ಬಂದು, ಇಲಿಗಳ ಬಗ್ಗೆ ಚಿಂತೆ ಬೇಡ, ನಾವು ನೋಡಿಕೊಳ್ಳುತ್ತೇವೆ ಎಂದು ಧೈರ್ಯ ಹೇಳಿದರು. ನನಗೆ ಆ ಚಿಂತೆ ಇರಲಿಲ್ಲ. ಆದರೂ ಥ್ಯಾಂಕ್ಯೂ ಅಂದೆ.

ಅಮ್ಮ ಸಿಕ್ಕ ವಿಮಾನ ಹತ್ತಿ ಬಂದಳು. ಸೂತಕದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಗ್ಗರಣೆ ಹಾಕುವುದಿಲ್ಲ. ಸಪ್ಪೆ ಅನ್ನ, ಸಪ್ಪೆ ಸಾರು. ಅದನ್ನೂ ನಾನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಗಂಡ ಸತ್ತವಳು ಊಟ ಬಿಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ, ಬಂದವರೆಲ್ಲ ಅದನ್ನು ಒಂದು ಮರ್ಯಾದೆಯೆಂಬಂತೆ ನೋಡಿ ಹೋಗುತ್ತಾರೆ. ಮಗಳೊಬ್ಬಳು ಮಾತ್ರ ಎದುರು ನಿಂತು, ಪ್ರೀಸ್ಕೂಲಿನಲ್ಲಿ ಕಲಿತ ಸಿಂಗಪುರದ ಬಾಲ ಸೇರಿಸಿ, "ಅಮ್ಮಾ, ತಿನ್ನು ಲಾ" ಎನ್ನುತ್ತಿದ್ದಳು. ಹೊಟ್ಟೆಯೊಳಗಿನದು ಒದೆಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ ನಾನು ಚೆನ್ನಾಗಿಯೇ ಓಡಾಡಿಕೊಂಡಿದ್ದೆ.

ಒಂದು ಮಧ್ಯಾಹ್ನ ಒಗ್ಗರಣೆ ಚುರ್ರೆಂದಿತು. ಪಕ್ಕದ ಮನೆಯದಿರಬೇಕು ಅಂದುಕೊಂಡೆ. ಇಂಗು, ಸಾಸಿವೆ ವಾಸನೆ ನಮ್ಮ ಅಡಿಗೆಮನೆಯಿಂದಲೇ ಬಂತು. ಅಮ್ಮ ತಟ್ಟೆ ಹಿಡಿದು ಬಂದಳು. ಅನ್ನ, ಬೇಳೆ, ಪಕ್ಕದಲ್ಲಿ ದಂಟಿನ ಸೊಪ್ಪಿನ ಪಲ್ಯ. ಅವರು ಕೊನೆಯ ಸಲ ತಂದಿಟ್ಟ ಸೊಪ್ಪು. ಅರ್ಧ ಬಾಡಿದ್ದನ್ನು ಕಿತ್ತು, ಉಳಿದದ್ದನ್ನು ಬೇಯಿಸಿದ್ದಳು.

"ಸೂತಕದಲ್ಲಿ ಒಗ್ಗರಣೆ ಹಾಕಿದ್ಯೇನಮ್ಮ?"

"ಹಾಕ್ದೆ. ಪಾಪ ಬಂದ್ರೆ ನಂಗೆ ಬರತ್ತೆ, ನೀನು ತಿನ್ನು."

"ಬೇಡ."

ಅಮ್ಮ ತಟ್ಟೆ ಕೆಳಗಿಡಲಿಲ್ಲ. ದೀಪದ ಹಿಂದಿದ್ದ ಅವರ ಫೋಟೋದ ಕಡೆ ತಿರುಗಿದಳು. ಮಗುವಿನ ಮೂಲಕ ಹೇಳೋಣವೆಂದರೆ ಮಗು ಮಲಗಿತ್ತು.

"ನೋಡಿ ಅಳಿಯಂದ್ರೇ," ಎಂದಳು, "ನಿಮ್ಮ ಇಲಿಗಳಾದ್ರೂ ಹಾಕಿದ್ದು ತಿಂತಾವೆ. ಇವಳು ಅದಕ್ಕೂ ಕಡೆ. ನಾನು ಸೊಪ್ಪು ಮಾಡಿದೀನಿ, ಬೇಳೆ ಮಾಡಿದೀನಿ. ಇನ್ನೇನು ಮಾಡ್ಲಿ ಹೇಳಿ."

ಅವರು ಬದುಕಿದ್ದಷ್ಟು ಕಾಲ ಅವಳು ಅವರನ್ನು ಹೀಗೆ ನೇರವಾಗಿ ಕರೆದದ್ದಿಲ್ಲ. ಇದ್ದಿದ್ದರೆ ಅವರು ಇದಕ್ಕೆ ಏನಾದರೊಂದು ತಮಾಷೆ ಹೇಳುತ್ತಿದ್ದರು. ನಾನು ತಟ್ಟೆ ತೆಗೆದುಕೊಂಡೆ. ಉಪ್ಪು ಹೆಚ್ಚಾಗಿತ್ತು. ತಿಂದೆ.

ಮಗ ಹುಟ್ಟಿದ, ಗಟ್ಟಿಯಾಗಿಯೇ ಅತ್ತ. ಎರಡನೇ ಬಾಣಂತನದಲ್ಲಿ ನನ್ನ ತಟ್ಟೆಗೆ ಸೊಪ್ಪು ಬಂತು, ಬೇಳೆ ಬಂತು. ಅಮ್ಮನ ನಿಲುವು ಬದಲಾಯಿತೆಂದು ನಾನು ನೀರೂ ಕೇಳಿದೆ.

"ನೀರು ಗೀರು ಏನೂ ಇಲ್ಲ. ಅದು ಅವರು ತಮಾಷೆಗೆ ಅಂದಿದ್ದು ಕಣೆ," ಎಂದು ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದಳು.

ಹಳೆಯ ಅಭ್ಯಾಸ. ಬಚ್ಚಲ ಬಾಗಿಲು ಹಾಕಿಕೊಂಡ ಸದ್ದಾದೊಡನೆ ನನ್ನ ಕೈ ತಾನಾಗಿ ಡೈಪರ್ ಚೀಲದ ಹಿಂದೆ ಹೋಯಿತು. ಅಲ್ಲಿ ಬಾಟಲಿ ಇತ್ತು. ಅವರದೇ ಬಾಟಲಿ, ತುಂಬಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಮುಚ್ಚಳ ತೆಗೆದೆ. ಓಮಿನ ಕಾಳು ಹಾಕಿ ಕುದಿಸಿದ ನೀರು. ಅಷ್ಟಾದರೂ ತನ್ನ ಮಾತು ನಡೆಯಬೇಕಿತ್ತು ಅಮ್ಮನಿಗೆ.

ರುಚಿ ಕೆಟ್ಟದಾಗಿತ್ತು. ಪೂರ್ತಿ ಕುಡಿದು, ಖಾಲಿ ಬಾಟಲಿಯನ್ನು ಯಾರಿಗೂ ಗೊತ್ತಾಗದಂತೆ ಅಲ್ಲೇ ಇಟ್ಟೆ.