ಬೀಜಿಂಗ್ ಔತಣದಲ್ಲಿ ನಮ್ಮ ಗಾಮ್‌ಹೋಯ್

ಬ್ರಿಟಿಷರು ಹಾಂಗ್‌ಕಾಂಗ್ ಬಿಟ್ಟು ಹೋಗಲು ಇನ್ನೂ ನಾಲ್ಕೈದು ವರ್ಷ ಇತ್ತು. ಆಮೇಲೆ ಈ ಬಂದರನ್ನು ಹೇಗೆ ಆಳಬೇಕೆಂದು ಸಲಹೆ ಕೊಡಲು ಬೀಜಿಂಗ್‌ನವರು ತಜ್ಞರನ್ನು ನೇಮಿಸಿದರು. ವಕೀಲರು, ಬ್ಯಾಂಕಿನವರು, ಹಡಗು ಕಂಪನಿಗಳ ಮಾಲೀಕರು. ಅವರ ನಡುವೆ ನಮ್ಮ ಮೀನುಗಾರರ ಸಂಘದ ಅಧ್ಯಕ್ಷ, ಪಕ್ಕದ ದೋಣಿಯ ಷೆಕ್ ಗಾಮ್‌ಹೋಯ್! ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಮದುವೆಯಾದವನು. ನೆಲದ ಮೇಲೆ ಅರ್ಧ ಗಂಟೆ ಕೂತರೆ ಚಡಪಡಿಸುತ್ತಾನೆ.

ನಮಗೆ ಬೇಕಾಗಿದ್ದು ಒಂದೇ. ಚಂಡಮಾರುತ ಬಂದಾಗ ನಾವು ದೋಣಿ ಕಟ್ಟುವ ಕೊಲ್ಲಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತಾರೆಂಬ ಸುದ್ದಿ ಹಬ್ಬಿತ್ತು. ಅದನ್ನು ತಡೆಯಿರಿ ಎಂದು ಅವನು ಹೇಳಿ ಬರಬೇಕು.

ಹೊರಡುವ ಮುಂಚಿನ ವಾರ ಅವನು ನಿಂತಲ್ಲಿ ನಿಲ್ಲಲಿಲ್ಲ. ಬಲೆ ಎತ್ತಿಕೊಳ್ಳುವನು, ಇಡುವನು, ಹೇಳಬೇಕಾದ ಮಾತನ್ನು ಬೀಜಿಂಗ್‌ನವರ ಮ್ಯಾಂಡರಿನ್ ಭಾಷೆಯಲ್ಲಿ ಗೊಣಗುವನು.

"ಬಾಯಲ್ಲಿ ಬಿಸಿ ಗಂಜಿ ಇಟ್ಕೊಂಡಂಗೆ ಅದೇನೋ ನಿನ್ನ ಮಾತು," ಎಂದು ಅವನ ತಾಯಿ ಮುಯ್ ಅಜ್ಜಿ ರೇಗಿದಳು.

"ಸುಮ್ನಿರಮ್ಮ! ಮರ್ತೋಗುತ್ತೆ."

ಬೀಜಿಂಗ್‌ನಿಂದ ಬಂದವನನ್ನು ನಾವೆಲ್ಲ ಅವನ ದೋಣಿಯಲ್ಲೇ ಮುತ್ತಿಕೊಂಡೆವು.

"ಹೇಳಿದ್ಯಾ ಅಣ್ಣ?" ಎಂದೆ.

ಅವನು ತಡವರಿಸಿದ. ಔತಣದಲ್ಲಿ ದೊಡ್ಡ ಅಧಿಕಾರಿಯ ಪಕ್ಕದಲ್ಲೇ ಕೂರಿಸಿದ್ದರಂತೆ. ತಟ್ಟೆಯಲ್ಲಿ ಇಡೀ ಮೀನು ಬಂತು. ಮೇಲಿನ ಭಾಗ ಮುಗಿದಾಗ ಅಧಿಕಾರಿ ಮರ್ಯಾದೆಗೆಂದು ತಾವೇ ಅದನ್ನು ಮಗುಚಲು ಹೋದರಂತೆ. ನಮ್ಮವರು ತಟ್ಟೆಯ ಮೀನನ್ನು ಮಗುಚುವುದಿಲ್ಲ. ಮಗುಚಿದರೆ ದೋಣಿಯೂ ಮಗುಚುತ್ತದೆ. ಇವನು ಅಧಿಕಾರಿಯ ಕೈಯನ್ನೇ ಹಿಡಿದುಬಿಟ್ಟಿದ್ದಾನೆ!

"ಮಗುಚ್ಬೇಡಿ ಅಂದೆ. ಮೇಜಿಗೆ ಮೇಜೇ ಗಪ್‌ಚಿಪ್. ಭೂಮಿ ಬಾಯ್ಬಿಡ್ಬಾರ್ದಾ ಅನ್ನಿಸ್ತು. ಆಮೇಲೆ ಕೊಲ್ಲಿ ಮಾತೇ ಹೊರಡ್ಲಿಲ್ಲ ಕಣೋ."

ನಾವು ಬಿದ್ದು ಬಿದ್ದು ನಕ್ಕೆವು. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಆದರೂ ನಕ್ಕೆ.

ಅಜ್ಜಿ ನಗಲಿಲ್ಲ. "ಅವ್ರೇನ್ ಮಾಡಿದ್ರು?"

"ಯಾಕೆ ಅಂದ್ರು. ದೋಣಿ ಮುಳುಗುತ್ತೆ ಅಂದೆ. ಹೌದಾ ಅಂತ ಊಟದ ಕಡ್ಡಿ ಕೆಳಗಿಟ್ಟು, ಮಗುಚ್ದೇನೇ ನಡುಮುಳ್ಳು ತೆಗೆಸಿ ಕೆಳಗಿನ ಭಾಗ ತಿಂದ್ರು. ಎಲ್ರೂ ನನ್ನೇ ನೋಡ್ತಾ ಇದ್ರು."

"ಅಂದ್ರೆ, ನೀನು ಹೇಳಿದ್ದು ಕೇಳಿದ್ರು."

"ಹೂಂ, ಕೇಳಿದ್ರು."

"ಕೊಲ್ಲಿ ಮುಚ್ಚಿದ್ರೂ ದೋಣಿ ಮುಳುಗುತ್ತೆ ಅಂತ ಆಗ್ಲೇ ಹೇಳೋಕೆ ಏನಾಗಿತ್ತೋ ನಿಂಗೆ?"

ಗಾಮ್‌ಹೋಯ್ ಮತ್ತೆ ಬಲೆ ಎತ್ತಿಕೊಂಡ, ಇಟ್ಟ. ಆಗ ನಮ್ಮ ನಗುವೂ ನಿಂತಿತು.

ಮತ್ತೆ ಯಾರೂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಲಿಲ್ಲ. ಮರುವರ್ಷದ ಚಂಡಮಾರುತದಲ್ಲಿ ನಾವು ದೋಣಿ ಕಟ್ಟಲು ಬೇರೆ ಜಾಗ ಹುಡುಕುತ್ತಿದ್ದೆವು.